ಅತ್ತೆ ನೋಡಿದ ಜರ್ಮನ್ ಪೊಲೀಸ್ ಸೀರಿಯಲ್

ನಮ್ಮತ್ತೆಗೆ ಇಂಗ್ಲಿಷ್ ಬಾರದು, ಜರ್ಮನ್ ಅಂತೂ ದೂರದ ಮಾತು. ಆದರೂ ಸಿಡ್ನಿಯ ಟೂಂಗಾಬಿಯಲ್ಲಿ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಇದ್ದಷ್ಟು ದಿನವೂ ಅವರು ಬಿಡದೆ ನೋಡಿದ್ದು ಒಂದು ಜರ್ಮನ್ ಪೊಲೀಸ್ ಸೀರಿಯಲ್. ಲೋಕದ ಭಾಷೆಗಳನ್ನೆಲ್ಲ ಹಾಕುವ ಒಂದು ಚಾನೆಲ್ಲಿನಲ್ಲಿ ಮಧ್ಯಾಹ್ನ ಅದರ ಹಳೆಯ ಕಂತುಗಳು ದಿನಕ್ಕೊಂದರಂತೆ ಬರುತ್ತಿದ್ದವು. ಅದು ಎಷ್ಟು ವರ್ಷಗಳಿಂದ ನಡೆದುಕೊಂಡು ಬಂದಿತ್ತೆಂದರೆ, ನಾವು ನೋಡನೋಡುತ್ತಲೇ ಇನ್ಸ್‌ಪೆಕ್ಟರನ ತಲೆ ಬೆಳ್ಳಗಾಯಿತು. "ಪಾಪ, ಇವನಿಗೆ ಪ್ರಮೋಷನ್ನೇ ಕೊಟ್ಟಿಲ್ಲ ನೋಡು" ಎನ್ನುತ್ತಿದ್ದರು ಅತ್ತೆ.

ನನ್ನ ಬಾಣಂತನಕ್ಕೆಂದು ಅವರು ಮೈಸೂರಿನಿಂದ ಬಂದಿದ್ದರು. ಮಗಳಿಗೆ ಹಾಲೂಡಿಸುತ್ತಾ ನಾನು ತೆರೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಕನ್ನಡ ಮಾಡಿ ಹೇಳಬೇಕು, ಅವರು ಬೆಳ್ಳುಳ್ಳಿ ಬಿಡಿಸುತ್ತಾ ಕೇಳಬೇಕು. ನನ್ನ ಅನುವಾದ ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ವಿನಯ ಯಾಕೆ? ಜರ್ಮನ್ ಕೊಲೆಗಾರರೆಲ್ಲ ನನ್ನ ಬಾಯಲ್ಲಿ ನಂಜನಗೂಡಿನವರಾಗಿಬಿಡುತ್ತಿದ್ದರು. ಆದರೆ ಕಳ್ಳನನ್ನು ಹಿಡಿಯಲು ಅತ್ತೆಗೆ ಅದೂ ಬೇಕಿರಲಿಲ್ಲ. "ಪೊಲೀಸು ಬಂದ ತಕ್ಷಣ ಕಾಫಿ ಕುಡೀತೀರಾ ಅಂತ ಕೇಳ್ತಾನಲ್ಲ, ಅವನೇ ಕಣೇ." ಬಹಳಷ್ಟು ಸಲ ಅವನೇ ಆಗಿರುತ್ತಿದ್ದ.

ಅವರ ವೀಸಾ ಮುಗಿಯುತ್ತಾ ಬಂದಿತ್ತು, ನನ್ನ ರಜೆಯೂ. ಆಗ ಸಿಡ್ನಿಯ ನಮ್ಮವರಲ್ಲಿ ಒಂದು ರೂಢಿ ಬೆಳೆದಿತ್ತು: ಅಜ್ಜಿ ಊರಿಗೆ ಹೊರಟಾಗ ಕೂಸನ್ನೂ ಜೊತೆಗೆ ಕಳಿಸುವುದು, ಎರಡು ಮೂರು ವರ್ಷದ ಮೇಲೆ ಕರೆಸಿಕೊಳ್ಳುವುದು. ಚೈಲ್ಡ್‌ಕೇರಿನಲ್ಲಿ ಜಾಗ ಸಿಗದು, ಮನೆ ಕೊಳ್ಳಲು ಮಾರ್ಟ್‌ಗೇಜ್ ಸಾಲ ಬೇಕೆಂದರೆ ಇಬ್ಬರೂ ದುಡಿಯಬೇಕು. ನನ್ನ ಗಂಡ ಅದೇ ಸರಿ ಎಂದ. ಅತ್ತೆ "ನೀವು ಹೇಗಂತೀರೋ ಹಾಗೆ" ಎಂದರು. ಮೊಮ್ಮಗಳನ್ನು ಕರೆದೊಯ್ಯುವ ಆಸೆ ಅವರಿಗಿದೆ ಎಂದುಕೊಂಡೆ. ಆಫೀಸಿನಲ್ಲಿ ಮ್ಯಾನೇಜರನ ಜೊತೆ ವಾದ ಮಾಡಿ ಗೆಲ್ಲುವವಳು ನಾನು. ಆದರೆ ನನಗೂ ಕೂಸಿಗೂ ಎಣ್ಣೆ ಹಚ್ಚಿ ನೀರೆರೆದ ಈ ಹೆಂಗಸಿನ ಎದುರು 'ಕೊಡುವುದಿಲ್ಲ' ಎನ್ನಲು ನಾಲಿಗೆ ಏಳಲಿಲ್ಲ.

ಟಿಕೆಟ್ ಬುಕ್ ಮಾಡಬೇಕಿದ್ದ ವಾರ. ಅವತ್ತಿನ ಕಥೆಯಲ್ಲಿ ಇನ್ಸ್‌ಪೆಕ್ಟರನ ಮುಂದೆ ಒಬ್ಬ ಹೆಂಗಸು ಕೂತು ಅಳುತ್ತಿದ್ದಳು. ಸಾಲು ಮನಸ್ಸಿನಲ್ಲೇ ಓದಿದೆ. ಮಗುವನ್ನು ಅಕ್ಕನ ಮನೆಯಲ್ಲಿ ಸಾಕಲು ಬಿಟ್ಟಿದ್ದಳಂತೆ. ವಾಪಸ್ ಕರೆತರಲು ಹೋದರೆ ಅದು ಅಕ್ಕನ ಸೆರಗಿನ ಹಿಂದೆ ಅಡಗಿತಂತೆ. ಸೆರಗೆಲ್ಲಿ ಬಂತು ಜರ್ಮನಿಯಲ್ಲಿ, ಅದು ನನ್ನ ಅನುವಾದ. ಅದನ್ನು ಅತ್ತೆಗೆ ಹೇಳುವ ಬದಲು ಮಗಳ ಹೊದಿಕೆ ಸರಿಮಾಡತೊಡಗಿದೆ.

"ಏನಂತೆ?" ಎಂದರು ಅತ್ತೆ.

"ಅಣ್ಣನ ಜೊತೆ ಆಸ್ತಿ ಜಗಳವಂತೆ," ಎಂದೆ.

ಅತ್ತೆ ಬೆಳ್ಳುಳ್ಳಿ ಮೊರ ಪಕ್ಕಕ್ಕಿಟ್ಟರು. "ಆಸ್ತಿಗೆ ಯಾರಾದ್ರೂ ಹೀಗೆ ಅಳ್ತಾರೇನೇ? ಸರಿಯಾಗಿ ಓದು."

ಓದಿದೆ. ಓದುತ್ತಾ ಓದುತ್ತಾ ಆ ಜರ್ಮನ್ ಹೆಂಗಸಿನ ಮಾತು ಮುಗಿದು ನನ್ನ ಮಾತು ಶುರುವಾಗಿತ್ತು. "ನಾನು ಮಗೂನ ಕಳಿಸಲ್ಲ ಅತ್ತೆ. ನಿಮಗೆ ಬೇಜಾರಾದ್ರೂ ಸರಿ, ಕಳಿಸಲ್ಲ."

ಅವರು ಕೂಸಿನ ಕಾಲು ಸವರಿದರು. "ಇದನ್ನ ನೀನು ಹೇಳಲಿ ಅಂತ ಕಾಯ್ತಿದ್ದೆ. ನಾನೇ ಬೇಡ ಅಂದ್ರೆ, ಮುದುಕಿಗೆ ಸಾಕೋಕೆ ಸೋಮಾರಿತನ ಅಂತೀರಲ್ಲ."

ಸಂಜೆ ಗಂಡ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದಾಗಲೇ ಅತ್ತೆ ಹೇಳಿಬಿಟ್ಟರು. "ಟಿಕೆಟ್ ನನಗೊಬ್ಬಳಿಗೇ ಸಾಕು ಕಣೋ. ಕೂಸು ಇಲ್ಲೇ ಇರುತ್ತೆ."

"ಅಮ್ಮಾ, ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು. ಚೈಲ್ಡ್‌ಕೇರ್ ಸಿಗಲ್ಲ, ಲೋನ್ ತಗೋಬೇಕು, ಇಬ್ಬರಿಗೂ ಕೆಲಸ…"

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆತ್ತಗೆ ಹೇಳಿದರು. "ನಿನ್ನನ್ನ ನಮ್ಮಮ್ಮನ ಮನೇಲಿ ಬಿಟ್ಟಾಗ ನನಗೂ ಟೀಚರ್ ಕೆಲಸ ಇತ್ತು, ಕಾರಣಗಳೂ ಇಷ್ಟೇ ಇದ್ದವು. ವಾಪಸ್ ಕರ್ಕೊಂಡು ಬಂದಮೇಲೂ ಒಂದು ವರ್ಷ ನೀನು ನನ್ನನ್ನ ಅಮ್ಮ ಅನ್ನಲಿಲ್ಲ. ನಿಮ್ಮ ಚಿಕ್ಕಮ್ಮಂದಿರು ಕರೆಯೋ ಹಾಗೆ ನನ್ನ ಅಕ್ಕ, ಅಜ್ಜೀನ ಅಮ್ಮ ಅಂತಿದ್ದೆ. ರಾತ್ರಿ ಭಯ ಆದ್ರೆ 'ಅಕ್ಕ, ಅಮ್ಮನ ಹತ್ರ ಕರ್ಕೊಂಡು ಹೋಗು' ಅಂತಿದ್ದೆ."

ಅವನಿಗೆ ಅದು ನೆನಪಿರಲಿಲ್ಲ. ಒಂದು ಕಾಲಿನ ಶೂ ಬಿಚ್ಚದೆಯೇ ನಿಂತಿದ್ದ. ನಾನು ಮಗಳನ್ನು ತಂದು ಅವನ ಕೈಗೆ ಕೊಟ್ಟೆ.