ಮೂರು ಸಲ ಮುಟ್ಟಿದ ರೆಗ್ಯುಲೇಟರ್

ನಲವತ್ತು ದಾಟಿದ ಮೇಲೆ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಆಕ್ಯುಪೇಶನಲ್ ಥೆರಪಿ ಸಹಾಯಕಿಯ ತರಬೇತಿ. ಅಡುಗೆ, ಸ್ನಾನ, ಅಂಗಡಿ ಎಂಬ ದಿನದ ಕೆಲಸಗಳು ಕೈತಪ್ಪಿ ಹೋದವರಿಗೆ ಅವನ್ನು ಮತ್ತೆ ರೂಢಿ ಮಾಡಿಸುವ ವಿದ್ಯೆ. ನನ್ನನ್ನು ಹಾಕಿದ್ದು ಮುಳಬಾಗಿಲಿನ ಹೊರಗಿದ್ದ ಒಂದು ಮನೆಗೆ. ಬೀದಿಯಲ್ಲಿ ಬದುಕಿ ಬಂದ ಐದು ಹೆಂಗಸರು ಅಲ್ಲಿದ್ದರು. ಕೋಲಾರದಿಂದ ದಿನಾ ಬಸ್ಸು. ಬ್ಯಾಗಿನಲ್ಲಿ ಬೇಸಿಗೆಯಲ್ಲೂ ಕೊಡೆ, ಎರಡು ಪೆನ್ನು, ಎರಡೂ ಕೈಕೊಟ್ಟರೆ ಇರಲಿ ಅಂತ ಪೆನ್ಸಿಲ್ಲು.

ನನ್ನ ಪಾಲಿಗೆ ಬಂದವಳು ಮಾಲೂರಿನ ರೈಲ್ವೆ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಮಲಗೆದ್ದವಳು. ನನಗಿಂತ ದೊಡ್ಡವಳು, ಅಕ್ಕ ಅನ್ನುತ್ತಿದ್ದೆ. ಆ ಮನೆಯ ಹಿತ್ತಲಲ್ಲಿ ಒಂದು ಒಂಟಿ ಕೋಣೆಯಿತ್ತು. ಅಲ್ಲಿ ತಾನೇ ಅಡುಗೆ ಮಾಡಿ, ಒಲೆ ಆರಿಸಿ, ಬೀಗ ಹಾಕಿ, ಅಂಗಡಿಗೆ ಹೋಗಿ ಬರಬಲ್ಲಳೆಂದು ನಮ್ಮ ತರಬೇತುದಾರರು ಒಪ್ಪಿದರೆ ಕೋಣೆ ಅಕ್ಕನದು.

“ಇಷ್ಟ್ ವರ್ಷ ನಂಗೆ ಬಾಗ್ಲೇ ಇರ್ಲಿಲ್ಲ ಟೀಚ್ರಮ್ಮಾ. ಒಂದ್ಸಲ ನಾನೇ ಬೀಗ ಹಾಕ್ಬೇಕು,” ಅನ್ನುತ್ತಿದ್ದಳು.

ಅಡುಗೆಯಲ್ಲಿ ನಾನೇ ಶಿಷ್ಯೆ. ನನ್ನ ಮುದ್ದೆಯ ಗಂಟುಗಳನ್ನು ಬೆರಳಲ್ಲಿ ಒತ್ತಿ, “ಇದೇನು, ಗೋಲಿ ಆಡಕ್ಕಾ?” ಅಂದವಳು ಅವಳು. ಆದರೆ ಮೂರು ಕಲ್ಲಿನ ಒಲೆ ಬಿಟ್ಟರೆ ಬೇರೆ ಕಂಡಿರಲಿಲ್ಲ. ಗ್ಯಾಸ್ ಕಲಿಸುವುದು ನನ್ನ ಕೆಲಸ. ಆ ಕೋಣೆಯಲ್ಲೇ ಒಂದು ತಿಂಗಳು ಕಲಿಸಿದೆ. ಅಡುಗೆ ಮುಗಿದ ಮೇಲೆ ಬೀಗ ಹಾಕಿ, ಮೂಲೆಯಂಗಡಿಗೆ ಎಲೆ ಅಡಿಕೆ ತರಲು ಇಬ್ಬರೂ ಹೋಗುತ್ತಿದ್ದೆವು. ಆ ಮಧ್ಯಾಹ್ನಗಳು, ಕೈಗೆ ಅಂಟಿದ ಬಸ್ಸಾರಿನ ವಾಸನೆ, ಅವಳ ಅರ್ಧ ತೆಲುಗಿನ ಬೈಗುಳ, ಇವೆಲ್ಲ ಈಗಲೂ ಆ ರಸ್ತೆಯ ಬಸ್ಸು ಹತ್ತಿದರೆ ನನ್ನ ಜೊತೆಗೇ ಹತ್ತುತ್ತವೆ.

ಪರೀಕ್ಷೆಯ ದಿನ ತರಬೇತುದಾರರು ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅಕ್ಕ ಮುದ್ದೆ ತೊಳಸಿದಳು, ಸಾರು ಇಳಿಸಿದಳು, ಒಲೆ ಆರಿಸಿ ರೆಗ್ಯುಲೇಟರ್ ತಿರುಗಿಸಿದಳು. ಬೀಗ ಹಾಕಿ ಗೇಟಿನವರೆಗೆ ಹೋದಳು. ನಿಂತಳು. ವಾಪಸು ಬಂದು ಬೀಗ ತೆಗೆದು ರೆಗ್ಯುಲೇಟರ್ ಮುಟ್ಟಿದಳು. ಮತ್ತೆ ಬೀಗ, ಮತ್ತೆ ಗೇಟು, ಮತ್ತೆ ವಾಪಸು. ಮೂರನೆಯ ಸಲ ಎದೆಯ ಮೇಲೆ ಕೈಯಿಟ್ಟು, “ಅಯ್ಯೋ ದೇವ್ರೇ, ಆರ್ಸಿದ್ನೋ ಇಲ್ವೋ,” ಅಂದಳು.

ತರಬೇತುದಾರರ ಪೆನ್ನು ನಿಂತಿತು. “ಇದು ಯಾವಾಗಿಂದ? ಇಷ್ಟ್ ಕಳವಳ ಇದ್ರೆ ಒಬ್ರೇ ಇರೋದು ಕಷ್ಟ ಅಲ್ವಾ?”

ಆ ಕೈ, ಆ ಮಾತು, ಆ ಮೂರು ಸಲ, ಎಲ್ಲವೂ ನನ್ನವು. ತಿಂಗಳಿಡೀ ಅಂಗಡಿಗೆ ಹೊರಡುವಾಗೆಲ್ಲ ನಾನು ಮಾಡಿದ್ದನ್ನು ಅವಳು ಒಂದೂ ಬಿಡದೆ ಒಪ್ಪಿಸುತ್ತಿದ್ದಳು. ಅಂದು ನನಗೂ ಅಂಕ ಬೀಳಬೇಕಿತ್ತು. ಸುಮ್ಮನಿರಬಹುದಿತ್ತು.

“ಅದು ಅವ್ರದಲ್ಲ ಮೇಡಂ. ನಂದು,” ಅಂದೆ.

ಅಕ್ಕ ಕಣ್ಣರಳಿಸಿದಳು. “ಹಂಗಾದ್ರೆ ಅದು ಪಾಠ ಅಲ್ವಾ? ಎದೆ ಮೇಲೆ ಕೈ ಇಕ್ಕದಿದ್ರೆ ಫೇಲ್ ಮಾಡ್ತಾರೆ ಅಂದ್ಕೊಂಡೆ! ಆರ್ಸಿದ್ದು ಮೊದಲ್ನೇ ಸಲಾನೇ ಗೊತ್ತಿತ್ತಲ್ಲ!”

ತರಬೇತುದಾರರು ನಗು ತಡೆದುಕೊಂಡು ನನ್ನ ಕಡೆ ತಿರುಗಿದರು. “ನೀವು ಗೇಟಾಚೆ ನಿಂತ್ಕೊಳ್ಳಿ. ಅವ್ರು ಇನ್ನೊಂದ್ಸಲ ಮಾಡ್ಲಿ.”

ನಿಂತೆ. ಅಕ್ಕ ಒಲೆ ಹಚ್ಚಿದಳು, ಆರಿಸಿದಳು, ರೆಗ್ಯುಲೇಟರ್ ತಿರುಗಿಸಿದಳು, ಬೀಗ ಹಾಕಿದಳು. ಒಂದೇ ಸಲ. ತಿರುಗಿ ನೋಡದೆ ಗೇಟು ದಾಟಿದಳು. ಕುರ್ಚಿಯಲ್ಲಿ ಕೂತವರು ತಲೆಯಾಡಿಸಿ ಏನೋ ಬರೆದುಕೊಂಡರು.

ನನ್ನ ಪಕ್ಕ ಬಂದು ಅಕ್ಕ ಕೇಳಿದಳು, “ಎಲೆ ಅಡ್ಕೆ ತರಕ್ಕೆ ಬರ್ತೀರಾ, ಇಲ್ಲ ಒಳಗೋಗಿ ಒಂದ್ಸಲ ನೋಡ್ಕೊಂಡ್ ಬರ್ತೀರಾ?”

ನೋಡಿಕೊಂಡು ಬರಲು ನನ್ನ ಕಾಲು ಎಳೆಯುತ್ತಲೇ ಇತ್ತು. ಆದರೆ ಬಾಗಿಲಿಗೆ ಬೀಗ ಬಿದ್ದಿತ್ತು, ಬೀಗದಕೈ ಅವಳ ಸೆರಗಿನ ಗಂಟಿನಲ್ಲಿತ್ತು.