ದಕ್ಷಿಣಕ್ಕೆ ಮುಖ ಮಾಡಿದ ಯಜಮಾನ

ಭೂಮಧ್ಯರೇಖೆಯಿಂದ ಬಹುದೂರ ದಕ್ಷಿಣಕ್ಕಿರುವ ಪಾಪಕುರಾ ಎಂಬ ಊರಿನಲ್ಲಿ ಮನೆಗಳ ನಕ್ಷೆ ಬರೆದು ಬದುಕುವ ಧಾರವಾಡದ ಗದಿಗೆಪ್ಪನಿಗೆ ಮಕ್ಕಳ ಮೇಲೆ ಒಂದೇ ತಕರಾರು: ಇಬ್ಬರೂ ಅಪ್ಪನನ್ನು ಒಂದು ಮಾತೂ ಕೇಳದೆ ಎಲ್ಲ ತೀರ್ಮಾನಿಸುತ್ತಾರೆ. ಹಿರಿಯ ಅಂತ ಮನೆಯಲ್ಲಿ ಒಬ್ಬನಿರಬೇಕೋ ಬೇಡವೋ?

ಇದಕ್ಕೆ ಮದ್ದು ಸಿಕ್ಕಿದ್ದು ಒಬ್ಬ ಚೀನೀ ಗಿರಾಕಿಯಿಂದ. ಅವರ ಹಳೆಯ ಮನೆಗಳಲ್ಲಿ ನಡುವೆ ಅಂಗಳ. ಉತ್ತರದ ಪಡಸಾಲೆಯಲ್ಲಿ, ದಕ್ಷಿಣಕ್ಕೆ ಮುಖ ಮಾಡಿ, ಕುಲದ ಹಿರಿಯ. ಹಿರಿಮಗ ಪೂರ್ವಕ್ಕೆ, ಕಿರಿಯವ ಪಶ್ಚಿಮಕ್ಕೆ. ಹಿರಿಯನ ಎದುರಿಗೆ, ತಲೆಬಾಗಿಲ ಪಕ್ಕದ ಕೋಣೆ ಆಳುಗಳಿಗೆ. ಯಾರು ಎಲ್ಲಿ ಕೂರಬೇಕೆಂದು ಗೋಡೆಗಳೇ ಹೇಳುತ್ತವೆ! ಗದಿಗೆಪ್ಪನಿಗೆ ರೋಮಾಂಚನ. ಆದರೆ ಆ ಗಿರಾಕಿಯೋ, "ಇಲ್ಲಿ ಬಿಸಿಲು ಉತ್ತರದಿಂದ ಬರುತ್ತದೆ, ನಕ್ಷೆ ತಿರುಗಿಸಿಬಿಡಿ" ಎಂದುಬಿಟ್ಟ.

"ಬಿಸಲಿನ ಸಲುವಾಗಿ ಹಿರೇತನಾ ತಿರುಗಸ್ತಾರೇನು? ಶಾಸ್ತ್ರಾನ ಕೆಡಿಸಿಬಿಟ್ರು!" ಎಂದು ಹೆಂಡತಿ ದ್ರಾಕ್ಷಾಯಣಿಯ ಮುಂದೆ ಹರಿಹಾಯ್ದ ಗದಿಗೆಪ್ಪ, ಚೀನೀಯರು ಕೈಬಿಟ್ಟದ್ದನ್ನು ತಾನು ಎತ್ತಿಹಿಡಿದು ಸ್ವಂತ ಮನೆಯನ್ನು ಅಸಲು ನಕ್ಷೆಯಂತೆಯೇ ಕಟ್ಟಿಸಿದ. ತನ್ನ ಕೋಣೆಯ ಹಿಂಗೋಡೆಗೆ ಒಂದು ಕಿಟಕಿಯನ್ನೂ ಇಡಿಸಲಿಲ್ಲ, ಪುಣ್ಯಾತ್ಮ.

ಜೂನ್ ಬಂತು, ಅಲ್ಲಿಯ ಚಳಿಗಾಲ. ಹಿರಿಯನ ಕೋಣೆಗೆ ಬಿಸಿಲು ಇಣುಕಿಯೂ ನೋಡಲಿಲ್ಲ. ಎದುರಿನ ತಲೆಬಾಗಿಲ ಕೋಣೆಗೆ ದಿನವಿಡೀ ಬಿಸಿಲು. ದ್ರಾಕ್ಷಾಯಣಿ ಮೊದಲು ಅಲ್ಲಿ ಸಂಡಿಗೆ ಒಣಗಿಸಿದಳು, ಆಮೇಲೆ ತನ್ನ ಕುರ್ಚಿ ಒಯ್ದಳು. ರೊಟ್ಟಿ ಬುಟ್ಟಿಯ ಹಿಂದೆಯೇ ಮಕ್ಕಳು, ಸೊಸೆಯರು ಹೋದರು. ಗದಿಗೆಪ್ಪ ಮಾತ್ರ ಕಂಬಳಿ ಹೊದ್ದು ತನ್ನ ದೊಡ್ಡ ಕುರ್ಚಿಯಲ್ಲಿ ಹಠಕ್ಕೆ ಬಿದ್ದು ಕೂತ. ಯಾರಾದರೂ ಬಂದು ಏನಾದರೂ ಕೇಳಲಿ ಅಂತ. ಯಾರೂ ಬರಲಿಲ್ಲ. ಹೊಟ್ಟೆ ಉರಿಯಿತು, ಕಾಲು ಮರಗಟ್ಟಿತು.

ಒಂದು ಭಾನುವಾರ ಅಂಗಳದಾಚೆ ನಗು ಜೋರಾಯಿತು. ತಡೆಯಲಾರದೆ ಎದ್ದು ಹೋಗಿ ಬಾಗಿಲಲ್ಲಿ ನಿಂತ. ಕಿರಿಮಗ ಲೋಹಿತ್ ತಾಯಿಯನ್ನು ಕೇಳುತ್ತಿದ್ದ: "ಅವ್ವಾ, ಕ್ರೈಸ್ಟ್‌ಚರ್ಚಿನ ಜಾಬ್ ಹಿಡೀಲೇನು? ನೀ ಹೆಂಗಂತಿ ಹಂಗ."

ಮಕ್ಕಳು ತನ್ನನ್ನು ಆ ಮಾತು ಕೇಳಲೆಂದೇ ಅಲ್ಲವೇ ಗದಿಗೆಪ್ಪ ಇಷ್ಟು ದೊಡ್ಡ ಮನೆ ಕಟ್ಟಿಸಿದ್ದು?

"ಮಾವಾರ, ಒಳಗ ಬರ್ರಿ, ಕುಂಡ್ರಿ" ಎಂದಳು ಲೋಹಿತನ ಹೆಂಡತಿ ಪ್ರತೀಕ್ಷಾ. ಖಾಲಿ ಇದ್ದದ್ದು ಬಾಗಿಲ ಬಳಿಯ ಸ್ಟೂಲ್ ಒಂದೇ. ಕೂತ. ಮೊಣಕಾಲಿಗೆ ಬಿಸಿಲು ತಾಗಿ ಹಾಯೆನಿಸಿತು, ಹಾಳಾದ್ದು. ಆದರೂ ಗಂಟಲು ಸರಿಮಾಡಿಕೊಂಡು, "ನನ್ನ ಕೇಳಿದ್ರ..." ಎಂದು ಶುರುಮಾಡಿದ.

"ಕೇಳೂಣಂತ್ರಿ" ಎಂದಳು ದ್ರಾಕ್ಷಾಯಣಿ. "ಮೊದ್ಲ ಆ ಬಾಗ್ಲಾ ಹಾಕ್ರಿ. ನಿಮ್ಮ ಕೋಣಿ ಕಡಿಂದ ಥಂಡಿ ಬರಾಕತ್ತೈತಿ."

ಮನೆಯ ಹಿರಿಯ ಎದ್ದು ಬಾಗಿಲು ಹಾಕಿದ.