ಶಾಂತಿಯನ್ನು ಯಾವ ಕಾಲಂಗೆ ಹಾಕಲಿ?

ಗುಂಡ್ಲುಪೇಟೆಯ ನಮ್ಮ ಕಾಲೇಜಿನಲ್ಲಿ ಗುರುಪಾದಸ್ವಾಮಿ ಗುಮಾಸ್ತ, ನಾನು ಇತಿಹಾಸದ ಮೇಷ್ಟ್ರು. ಬೇಗೂರಿನಿಂದ ಮೊದಲ ಬಸ್ಸಿಗೆ ಬಂದು, ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಕೈ ತೊಳೆದ ಮೇಲೆಯೇ ರಿಜಿಸ್ಟರ್ ಮುಟ್ಟುವ ಮನುಷ್ಯ ಅವನು. ವರ್ಷಕ್ಕೆರಡು ಸಲ ಮೇಲಿನವರಿಗೆ ಕಳಿಸುವ ದೊಡ್ಡ ನಮೂನೆ ಅವನ ಪಾಲಿಗೇ ಬೀಳುತ್ತಿತ್ತು. ಪರಿಶಿಷ್ಟ ಜಾತಿಯವರೆಷ್ಟು, ಪಂಗಡದವರೆಷ್ಟು, ಹಿಂದುಳಿದವರೆಷ್ಟು, ಅದರಲ್ಲಿ ಹುಡುಗಿಯರೆಷ್ಟು, ನಡುವೆ ಓದು ಬಿಟ್ಟವರೆಷ್ಟು. ಎಲ್ಲರಿಗೂ ಸಮಾನ ಅವಕಾಶ ಸಿಗುತ್ತಿದೆಯೇ ಎಂದು ಸರ್ಕಾರ ಆ ಕಾಗದ ನೋಡಿ ತಿಳಿದುಕೊಳ್ಳುತ್ತದಂತೆ. ತಿಳಿದುಕೊಳ್ಳಲಿ ಪಾಪ.

೧೯೯೮ರಲ್ಲಿ ತೆರಕಣಾಂಬಿ ಕಡೆಯ ಒಂದು ಹಳ್ಳಿಯಿಂದ ಕೂಲಿ ಮಾಡುವ ಮರಿತಾಯಮ್ಮ ತನ್ನಿಬ್ಬರು ಹೆಣ್ಣುಮಕ್ಕಳನ್ನು ಪಿಯುಸಿಗೆ ಸೇರಿಸಿದಳು. ದೊಡ್ಡವಳು ಶಾಂತಿ, ಚಿಕ್ಕವಳು ಕುಮಾರಿ. ಶಾಂತಿಗೆ ಕಾಮಾಲೆಯಾಗಿ ಒಂದು ವರ್ಷ ಹೋಗಿದ್ದರಿಂದ ಇಬ್ಬರೂ ಒಂದೇ ತರಗತಿ, ಒಂದೇ ಬೆಂಚು. ಗುರುಪಾದ ಇಬ್ಬರ ಟಿ.ಸಿ. ಬಿಡಿಸಿ ನೋಡಿ ದಂಗಾದ. ಕುಮಾರಿಯದರಲ್ಲಿ ಜಾತಿ 'ನಾಯಕ'. ಶಾಂತಿಯದರಲ್ಲಿ 'ಪರಿವಾರ'.

"ಇದೇನಮ್ಮ, ಒಂದೇ ಮನೇಲಿ ಎರಡು ಜಾತಿ?"

"ದೊಡ್ಡವುಳ್ನ ಇಸ್ಕೂಲ್ಗೆ ಸೇರ್ಸಕ್ಕೆ ನಮ್ಮಾವ ಓಗಿದ್ರು ಸ್ವಾಮಿ," ಎಂದಳು ಮರಿತಾಯಮ್ಮ. "ಹಳೇ ಕಾಲ್ದೋರು, ನಾವು ಪರಿವಾರ್ದೋರು ಅಂತ ಜಂಬವಾಗಿ ಏಳ್ಬುಟ್ರು. ಚಿಕ್ಕವುಳ್ನ ನಮ್ಮಣ್ಣ ಸೇರಿಸ್ದ. ಅವ್ನು ನಾಯಕ ಅಂದ. ಎಲ್ಲಾ ಒಂದೇ ಅಲ್ವಾ?"

ಊರಿನಲ್ಲಿ ಒಂದೇ. ಸರ್ಕಾರದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ನಾಯಕ ಇತ್ತು, ಪರಿವಾರ ಇರಲಿಲ್ಲ. ಪಂಗಡದ ಕಾಲಂಗೆ ಬಿದ್ದ ಕುಮಾರಿಗೆ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಹಿಂದುಳಿದವರ ಕಾಲಂಗೆ ಬಿದ್ದ ಶಾಂತಿ ಸೀಟಿಲ್ಲದೆ, ಸಂಜೆ ಬಸ್ಸಿಳಿದು, ಹೊಲಗಳ ನಡುವೆ ಮೂರು ಮೈಲಿ ಒಬ್ಬಳೇ ನಡೆಯಬೇಕಾಯಿತು. ಒಂದು ದಿನ ಯಾರೋ ಇಬ್ಬರು ಹಿಂದೆ ಬಂದರೆಂದು ಓಡಿ ಬಂದು ಮನೆ ಸೇರಿದ್ದಳಂತೆ. ಹಾಸ್ಟೆಲ್ ಸಿಗದಿದ್ದರೆ ಅವಳ ಓದು ಅಲ್ಲಿಗೇ ಮುಗಿಯಿತು ಎಂದು ಮರಿತಾಯಮ್ಮ ಕಡ್ಡಿ ಮುರಿದಂತೆ ಹೇಳಿದಳು.

ಒಂದೂ ತಪ್ಪಕ್ಷರ ಬರೆಯದ ಗುರುಪಾದ ಆ ಸಲ ಬೇಕೆಂದೇ ಒಂದು ಸುಳ್ಳು ಬರೆದ. ಅವಳಿಗೂ ಹಾಸ್ಟೆಲ್ ಸಿಗಲೆಂದು, ಶಾಂತಿಯ ಹೆಸರನ್ನೂ ನಮೂನೆಯಲ್ಲಿ ಪಂಗಡದ ಕಾಲಂಗೆ ಸೇರಿಸಿ ಕಳಿಸಿದ. ಹದಿನೈದು ದಿನಕ್ಕೆ ನಮೂನೆ ವಾಪಸು ಬಂತು: ಹೆಸರು ಹದಿನಾಲ್ಕು, ಜಾತಿ ಸರ್ಟಿಫಿಕೇಟು ಹದಿಮೂರು, ಸರಿಪಡಿಸಿ.

ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿ, ಹೊಸ ಸಾಹೇಬರು, ಕೇಳಿದರೆ ಕೇಳಿಯಾರು ಎಂದು ಇವನೇ ರಜೆ ಹಾಕಿ ಹೋದ. ಅಧಿಕಾರಿ ಶಿವರುದ್ರಸ್ವಾಮಿ ಕೆಟ್ಟವರೇನಲ್ಲ, ಕೂರಿಸಿ ಟೀ ಕೊಡಿಸಿದರು.

"ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿದೋರು ಅಂತ ನನಗೂ ಗೊತ್ತಾಯ್ತು ಕಣ್ರೀ. ನಾನು ಸೈನ್ ಮಾಡಿದ್ರೆ ನಾಳೆ ನನ್ನ ಕೆಲಸ ಹೋಗುತ್ತೆ. ಇಸ್ಕೂಲ್ ದಾಖಲೆ ತಿದ್ದಿಸ್ಕೊಂಡು ಬನ್ನಿ."

ದಾಖಲೆ ತಿದ್ದಲು ಮೇಲಿನ ಆದೇಶ ಬೇಕು. ಅದಕ್ಕೆ ಎಷ್ಟು ವರ್ಷವೋ! ಬರುವಾಗ ಬಸ್ಸು ತೆರಕಣಾಂಬಿಯಲ್ಲಿ ನಿಂತರೆ, ಮರಿತಾಯಮ್ಮ ಎಲ್ಲಿ ಕಂಡುಬಿಡುತ್ತಾಳೋ ಎಂದು ಕಿಟಕಿಯಿಂದ ಮುಖ ಈಚೆಗೆ ತಿರುಗಿಸಿಕೊಂಡನಂತೆ, ಆಮೇಲೆ ನನ್ನ ಹತ್ತಿರ ಹೇಳಿದ. ಮರುದಿನ ಹದಿನಾಲ್ಕನ್ನು ಹದಿಮೂರು ಮಾಡಿದ.

ದೀಪಾವಳಿ ಕಳೆದ ಮೇಲೆ ಶಾಂತಿ ಬರಲಿಲ್ಲ. ಅರಿಸಿನದ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಾಳೆ ಎಂದು ಸುದ್ದಿ ಬಂತು. ಒಂದು ಮಧ್ಯಾಹ್ನ ಕುಮಾರಿ ಆಫೀಸಿಗೆ ಬಂದು ಗುರುಪಾದನ ಮೇಜಿನ ಮುಂದೆ ನಿಂತಳು. ನಾನೂ ಅಲ್ಲೇ ಇದ್ದೆ.

"ಸಾ, ನನ್ ಜಾತಿ ಅಕ್ಕುಂಗೆ ಬರ್ದ್ಬುಡಿ. ಅವುಳ್ದು ನನ್ಗೆ ಬರೀರಿ. ಅವ್ಳು ನನ್ಗಿಂತ ಚೆನ್ನಾಗಿ ಓದ್ತಾಳೆ. ನಾನು ಮನೇಲಿರ್ತೀನಿ."

"ಅಂಗೆಲ್ಲ ಆಗಲ್ಲ ಕಣಮ್ಮಿ," ಎಂದ. ಮುಂದಿದ್ದ ರಿಜಿಸ್ಟರ್ ಮುಚ್ಚಿಟ್ಟ. ನನಗೆ ಸರ್ಕಾರದ ಮೇಲೆ, ಪರಿವಾರ ಎಂದು ಬರೆಸಿದ ಆ ಹಳೇ ತಾತನ ಮೇಲೆ, ಸುಮ್ಮನೆ ನಿಂತಿದ್ದ ನನ್ನ ಮೇಲೂ ಸಿಟ್ಟು ಬಂತು. ಏನು ಬಂದು ಏನು?

ಮಾರ್ಚಿನಲ್ಲಿ ಮತ್ತೆ ನಮೂನೆ. ಹಿಂದುಳಿದವರಲ್ಲಿ ಓದು ಬಿಟ್ಟ ಹುಡುಗಿಯರ ರಾಶಿಯಲ್ಲಿ ಶಾಂತಿ ಒಂದು ಅಂಕಿಯಾದಳು. ಪರಿಶಿಷ್ಟ ಪಂಗಡದ ಹುಡುಗಿಯರಲ್ಲಿ ಬಿಟ್ಟವರು ಸೊನ್ನೆ. ಆ ಸೊನ್ನೆಗೆ ಮೆಚ್ಚುಗೆಯ ಪತ್ರ ಬಂತು. ಪ್ರಿನ್ಸಿಪಾಲರು ಅದನ್ನು ಮೀಟಿಂಗಿನಲ್ಲಿ ಓದಿ, ಗುರುಪಾದನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಅವನು ಕೈ ಮುಗಿದ. ಕೂತ ಮೇಲೆ ನನ್ನ ಕಡೆ ಬಾಗಿ, "ಹೊರಗೆ ಕುಮಾರಿ ನಿಂತವ್ಳೆ ಸಾರ್, ಸ್ಕಾಲರ್‌ಶಿಪ್ಪಿಗೆ ಪ್ರಿನ್ಸಿಪಾಲರ ಸೈನ್ ಬೇಕಂತೆ. ನೀವೇ ಹೋಗಿ ಮಾಡಿಸ್ಕೊಡಿ. ನನ್ನ ಕೈಲಾಗಲ್ಲ," ಎಂದ.